ಪಿನ್ನಿನ ಮೇಲೆ ಮೂಡಿದ ಹೆಬ್ಬೆಟ್ಟು

ಮರಾಠಿ ಸೀಮೆಯ ಶಹಾಪುರದ ನಮ್ಮ ಮಗ್ಗಗಳು ಗುಜರಿಗೆ ಹೋದ ಮೇಲೆ ಮನೆಯಲ್ಲಿ ದುಡಿಮೆ ಅಂತ ಉಳಿದದ್ದು ನನ್ನದೊಂದೇ. ದಿನಾ ಬಸ್ಸು ಹಿಡಿದು ಗೋಕುಳ ಶಿರಗಾಂವದ ಕಾರ್ಖಾನೆಗೆ ಹೋಗುತ್ತಿದ್ದೆ. ಅಲ್ಲಿ ಗಡಗಡ ನಡುಗುವ ಬಾನಿಯಂಥ ಯಂತ್ರ. ಅದರೊಳಗೆ ಹೆಬ್ಬೆರಳು ದಪ್ಪದ ಉಕ್ಕಿನ ಪಿನ್ನು, ಕಲ್ಲಿನ ಚೂರು, ನೀರು, ತುಕ್ಕು ಹಿಡಿಯದಿರಲೆಂದು ಹಾಕುವ ಔಷಧ. ಒಂದಕ್ಕೊಂದು ತಿಕ್ಕಿ ಪಿನ್ನು ಹೊಳೆದ ಮೇಲೆ ತೆಗೆದು, ಒರೆಸಿ, ಎಣ್ಣೆಗೆ ಅದ್ದುವುದು ನಮ್ಮ ಕೆಲಸ. ಆ ಕೆಲಸ ನನಗೆ ಬಹಳ ಸೇರಿತ್ತು.

ಮಳೆಗಾಲದಲ್ಲಿ ಮಾಲು ತುಕ್ಕು ಹಿಡಿದು ವಾಪಸು ಬಂತು. ಔಷಧ ಹೆಚ್ಚಿಸಿದರು, ಬೋರಿನ ನೀರು ಬಿಟ್ಟು ನಳದ ನೀರು ಹಾಕಿದರು, ಊಟಕ್ಕೆ ಹೋಗುವಾಗ ಪಿನ್ನು ಬಾನಿಯಲ್ಲೇ ಬಿಡಬೇಡಿ ಎಂದರು. ಏನು ಮಾಡಿದರೂ ತುಕ್ಕು ಬಿಡಲಿಲ್ಲ. ಕೊನೆಗೆ ಗಡಹಿಂಗ್ಲಜ ಕಡೆಯ ನಮ್ಮ ಮೇಸ್ತ್ರಿ ಒಂದು ಪಿನ್ನನ್ನು ಬೆಳಕಿಗೆ ಹಿಡಿದ. ಅದರ ಮೇಲೆ ಕಂದು ಗೆರೆಯ ಹೆಬ್ಬೆಟ್ಟು! ಎಲ್ಲರಿಂದಲೂ ಒಂದೊಂದು ಪಿನ್ನು ಮುಟ್ಟಿಸಿ ಇಟ್ಟ. ಮರುದಿನ ತುಕ್ಕು ಬಂದಿದ್ದು ನಾನು ಮುಟ್ಟಿದ್ದಕ್ಕೆ ಮಾತ್ರ.

“ನಿಮ್ಮ ಬೆವರು ಭಾಳ ಉಪ್ಪ ಐತ್ರಿ ಬಾಯಿ. ಕೆಲವರದು ಹಂಗ ಇರತೈತಿ. ನಿಮ್ಮ ತಪ್ಪಲ್ಲ. ಆದ್ರ ನಾಳಿಂದ ಕೆಲಸಕ್ಕ ಬರಬ್ಯಾಡ್ರಿ,” ಎಂದು ಆ ಪಿನ್ನನ್ನು ನನ್ನ ಕೈಗಿಟ್ಟ.

“ತಪ್ಪಲ್ಲಂದ್ರ ಬಿಡಸೂದ್ಯಾಕ? ಬ್ಯಾರೆ ಕೆಲಸ ಕೊಡ್ರಿ!” ಜಗಳಕ್ಕೇ ನಿಂತೆ.

“ಉಕ್ಕ ಮುಟ್ಟಲಾರದ ಕೆಲಸ ಇಲ್ಲಿ ಯಾವುದೈತ್ರಿ?”

ಕಾಡಿಬೇಡಿ ಒಂದು ವಾರ ಉಳಿದೆ. ಬಟ್ಟೆಯ ಕೈಗವಸು ತೊಯ್ದು ತೊಪ್ಪೆಯಾಯಿತು. ರಬ್ಬರಿನದು ಹಾಕಿದರೆ ಮಣಿಕಟ್ಟಿನಿಂದ ಬೆವರು ತೊಟ್ಟಿಕ್ಕಿತು. ಮನೆಯಲ್ಲಿ ಬೂದಿ ತಿಕ್ಕಿಕೊಂಡೆ, ನಿಂಬೆಹಣ್ಣು ತಿಕ್ಕಿಕೊಂಡೆ. ಹೆದರಿದಷ್ಟೂ ಅಂಗೈ ಬೆವರುತ್ತಿತ್ತು. ಸುಡಗಾಡು ಕೈ! ಇಷ್ಟು ವರ್ಷ ನೂಲು ಹಿಡಿದಾಗ ಯಾರೂ ಒಂದು ಮಾತು ಅಂದಿರಲಿಲ್ಲ. ಶನಿವಾರ ನನ್ನನ್ನು ಬಿಡಿಸಿದರು.

ಇನ್ನು ರೇಷನ್ ಅಕ್ಕಿಯೇ ಗತಿ. ಅಂಗಡಿಗೆ ಹೋಗಿ ಸರದಿಯಲ್ಲಿ ನಿಂತು ಯಂತ್ರದ ಮೇಲೆ ಹೆಬ್ಬೆರಳು ಒತ್ತಿದೆ. ಸೆರಗಿಗೆ ಒರೆಸಿಕೊಂಡು ಮತ್ತೆ ಒತ್ತಿದೆ.

“ಅಂಗಠಾ ಯೇತ ನಾಹೀ,” ಎಂದ ಅಂಗಡಿಯವ. “ಹೆಬ್ಬೆಟ್ಟ ಬರವಲ್ದು ಬಾಯಿ. ಕೈ ಎಲ್ಲಾ ಬೆವರ ಐತಿ.”

ಮೈಯೆಲ್ಲ ಉರಿಯಿತು. ಚೀಲದಲ್ಲಿದ್ದ ಪಿನ್ನು ತೆಗೆದು ಅವನ ಮುಂದಿಟ್ಟೆ.

“ಇದರ ಮ್ಯಾಲೆ ಬಂದೈತಲ್ರೀ! ನೋಡ್ರಿ, ಒಂದ ಗೆರಿನೂ ತಪ್ಪಿಲ್ಲ.”

ಅವನು ಪಿನ್ನನ್ನು ಪಕ್ಕಕ್ಕೆ ಸರಿಸಿ, ನನ್ನ ಹಿಂದೆ ನಿಂತಿದ್ದವರನ್ನು ಕರೆದ.