ಸಮುದ್ರದ ನೀರಿಗೆ ಪಟಿಕ

ಅತ್ತಿಗೆ, ಆ ಮೀನುಗಳನ್ನು ಕೊಂದವನು ನಾನು. ನಿಮ್ಮ ಮುಖವಲ್ಲ, ನಿಮ್ಮ ನೆರಳಲ್ಲ, ಕುಂಕುಮವಿಲ್ಲದ ನಿಮ್ಮ ಹಣೆಯಲ್ಲ — ನನ್ನ ಈ ಕೈ. ಅಂದು ಎಲ್ಲರೆದುರು ಅವ್ವ ಕೇಳಿದಾಗ ನಾನು ‘ಇಲ್ಲ’ ಎಂದೆ. ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ಇದನ್ನು ಬರೆಯುತ್ತಿದ್ದೇನೆ. ತೆಗೆದುಕೊಂಡರೂ, ಆ ಮಾತು ನಿಮ್ಮಿಂದ ಕಿತ್ತುಕೊಂಡದ್ದು ಮರಳಿ ಬಾರದೆಂದು ಬಲ್ಲೆ.

ನಿಮಗೆ ಗೊತ್ತಿರುವುದನ್ನೂ ಇದನ್ನು ಅಚ್ಚಿನಲ್ಲಿ ಓದುವ ಬೇರೆಯವರಿಗಾಗಿ ಹೇಳಬೇಕಾಗಿದೆ, ಸಹಿಸಿಕೊಳ್ಳಿ.

ಹೊಸದುರ್ಗದಲ್ಲಿ ನಮ್ಮದು ವ್ಯಾಪಾರದ ಮನೆ, ಶಿವಭಕ್ತರ ಮನೆ. ಅಣ್ಣ ಪ್ಲೇಗಿನಲ್ಲಿ ತೀರಿಕೊಂಡಾಗ ನೀವು ಇನ್ನೂ ಹುಡುಗಿ. ನಾನು ಮೈಸೂರಿನಲ್ಲಿ ಓದುತ್ತಿದ್ದೆ. ಸ್ತ್ರೀವಿದ್ಯೆಯ ಪರವಾಗಿ ಕಾಲೇಜಿನ ವಾದಸಭೆಗಳಲ್ಲಿ ಗೆದ್ದು, ಬಿ.ಎ. ಮುಗಿಸಿ ಊರಿಗೆ ಬಂದಾಗ ಕಂಡದ್ದೇನು? ಬೆಳಗಿನ ಹೊತ್ತು ನೀವು ಬಾಗಿಲ ಹಿಂದೆ ನಿಂತಿರುತ್ತಿದ್ದಿರಿ. ಕೆಲಸಕ್ಕೆ ಹೊರಟವರು ಬೀದಿ ದಾಟಿದ ಮೇಲೆಯೇ ಅಂಗಳಕ್ಕೆ ಕಾಲಿಡುತ್ತಿದ್ದಿರಿ. ಯಾರೂ ನಿಲ್ಲೆಂದು ಹೇಳುತ್ತಿರಲಿಲ್ಲ. ಹೇಳಬೇಕಾದ ಅಗತ್ಯವೂ ಉಳಿದಿರಲಿಲ್ಲ.

ನಾನು ನಿಮಗೆ ಅಕ್ಷರ ಕಲಿಸಿದೆ. ಅದಕ್ಕಿಂತ ಕಷ್ಟದ ಇನ್ನೊಂದು ಪಾಠವನ್ನೂ ಕಲಿಸಿದೆ — ಹೊರಡುವಾಗಲೆಲ್ಲ ನಿಮ್ಮನ್ನು ಬೇಕೆಂದೇ ಎದುರಿಗೆ ಕರೆದು, ನಿಮ್ಮ ಮುಖ ನೋಡಿಯೇ ಹೊರಟೆ. ಕೆಲಸವಾಗದೆ ಬಂದ ದಿನ ಆ ಸುದ್ದಿ ನಿಮಗೆ ಹೇಳುತ್ತಿರಲಿಲ್ಲ. ಬರಬರುತ್ತ ನೀವು ಬಾಗಿಲ ಮುಂದೆ ಬಂದಿರಿ. ಒಂದು ದಿನ ನೀವೇ, “ಇವತ್ತು ಯಾವ ಕಡೀಗೆ ಹೊಂಟಿಯಪ್ಪ? ಬಾ, ನನ್ನ ಮಕ ನೋಡ್ಕಂಡು ಹೋಗು” ಎಂದು ನಕ್ಕಿರಿ. ನನ್ನ ಜೀವಮಾನದ ವಾದಗಳಲ್ಲಿ ನಿಜವಾಗಿ ಗೆದ್ದದ್ದು ಅದೊಂದೇ.

ಆಮೇಲೆ ನಿಮ್ಮನ್ನು ಮೈಸೂರಿಗೆ ಕಳುಹಿಸಿ, ಉಪಾಧ್ಯಾಯಿನಿಯ ತರಬೇತಿ ಕೊಡಿಸುವ ಮಾತೆತ್ತಿದೆ. ಮನೆಗೆ ಹಿರಿಯರಾಗಿದ್ದ ನನ್ನ ಸೋದರಮಾವ ಬಹಳ ದಿನ ಒಪ್ಪಲಿಲ್ಲ. ಕೊನೆಗೆ, ಹೆಣ್ಣುಮಕ್ಕಳ ಪಾಠಶಾಲೆಗಾಗಿ ನಾನು ನಮ್ಮ ಜಗಲಿಯಲ್ಲಿ ಕರೆದಿದ್ದ ಸಭೆಯಲ್ಲಿ ನೀವು ಹೆಂಗಸರೆದುರು ನಿಂತು ಮಾತಾಡುವುದನ್ನು ನೋಡಿ ಹೇಳುತ್ತೇನೆ ಎಂದರು. ಮಾತಾಡಬೇಕಾದ ವಿಷಯ, ಸಮುದ್ರ.

ಸಮುದ್ರ ಕಾಣದ ಊರಿಗೆ ಸಮುದ್ರವನ್ನೇ ತರುವ ಹಂಬಲ ನನಗೆ. ಮದರಾಸಿನಲ್ಲಿ ಮೀನುಗಳನ್ನು ಗಾಜಿನ ತೊಟ್ಟಿಗಳಲ್ಲಿ ಸಾಕುತ್ತಿದ್ದ ಗೆಳೆಯನೊಬ್ಬನಿಂದ, ಬಂಡೆಗಳ ನಡುವೆ ಬದುಕುವ ಎರಡು ಪುಟ್ಟ ಗಟ್ಟಿಜೀವದ ಮೀನುಗಳನ್ನೂ ಜಾಡಿಗಳಲ್ಲಿ ಸಮುದ್ರದ ನೀರನ್ನೂ ಒಂದು ಗಾಜಿನ ತೊಟ್ಟಿಯನ್ನೂ ರೈಲಿನಲ್ಲಿ ತಂದೆ. ಸ್ಟೇಷನ್ನಿನಿಂದ ಊರಿಗೆ ಗಾಡಿಯಲ್ಲಿ. ಅವ್ವ ತಲೆಬಾಗಿಲಲ್ಲೇ ತಡೆದಳು.

“ಲೇ ತಮ್ಮ, ಲಿಂಗಪೂಜೆ ಮಾಡೋ ಮನ್ಯಾಗೆ ಮೀನು ಇಡ್ತೀಯೇನಲೇ? ಸ್ವಾಮಿಗಳು ಪಾದಪೂಜೆಗೆ ಬಂದ್ರೆ ಎಲ್ಲಿ ಮುಚ್ಚಿಡ್ತೀಯ?”

“ತಿನ್ನಾಕಲ್ಲವ್ವ, ನೋಡಾಕೆ.”

“ನೋಡಿ ನೋಡಿನೇ ರುಚಿ ಹತ್ತೋದು” ಎಂದು ನೀವು ಒಳಗಿನಿಂದ ಅಂದಿರಿ. ಅವ್ವನಿಗೂ ನಗು ತಡೆಯಲಿಲ್ಲ. ಜಗಲಿಯ ಪಕ್ಕದ ಕೋಣೆಯಲ್ಲಿ ತೊಟ್ಟಿ ಉಳಿಯಿತು.

ಆ ತೊಟ್ಟಿಯನ್ನು ನೋಡಿಕೊಂಡವರು ನೀವು. ಅಂಚಿಗೆ ಹತ್ತಿದ ಉಪ್ಪನ್ನು ಒರೆಸಿದಿರಿ, ನೀರನ್ನು ತೆಳು ಮಲ್ಲಿನ ಬಟ್ಟೆಯಲ್ಲಿ ಸೋಸಿದಿರಿ. ಮೀನಿಗೆ ಗಾಳಿ ಸಿಗಲೆಂದು ಚೊಂಬಿನಲ್ಲಿ ನೀರೆತ್ತಿ ಮೇಲಿನಿಂದ ಹೊಯ್ಯಬೇಕಿತ್ತು. ಹೊಯ್ದಾಗ ಕಣ್ಣಿಗೆ ಕಾಣದಷ್ಟು ಸಣ್ಣ ಗುಳ್ಳೆಗಳೆದ್ದು ನೀರೆಲ್ಲ ಹಾಲಿನ ಬಣ್ಣಕ್ಕೆ ತಿರುಗುವುದು, ಸ್ವಲ್ಪ ಹೊತ್ತಿಗೆ ಅವು ಮೇಲೇರಿ ಹೋಗುವುದು. ಗಾಜಿಗೆ ಮುಖ ತಂದು ನೀವು, “ನೀರಿಗೂ ಉಸ್ರು ಐತೆ ನೋಡಪ್ಪ” ಎಂದಿರಿ.

ಗೆಳೆಯ ನನಗೆ ಎಚ್ಚರಿಸಿದ್ದ: ನೀರು ಕದಡಿದರೆ ಕಾಯಬೇಕು, ಸೋಸಬೇಕು, ಆದರೆ ಅದಕ್ಕೆ ಏನನ್ನೂ ಬೆರೆಸಬಾರದು. ಈ ಎಚ್ಚರಿಕೆಯನ್ನು ನಾನು ನಿಮಗೆ ಹೇಳಿರಲೇ ಇಲ್ಲ. ಅಗತ್ಯವೆಂದು ತೋರಲಿಲ್ಲವೋ, ಅಥವಾ ತಿಳಿದವನು ನಾನೊಬ್ಬನೇ ಆಗಿರಬೇಕೆಂಬ —

ಸಭೆಯ ದಿನ ಬೆಳಗ್ಗೆ, ತೊಟ್ಟಿ ತುಂಬಿ ಕಾಣಲೆಂದು, ಉಳಿದಿದ್ದ ಜಾಡಿಯ ನೀರನ್ನು ನಾನು ಒಮ್ಮೆಗೇ ಸುರಿದೆ. ತಳದ ಮರಳು ಎದ್ದಿತು, ಗುಳ್ಳೆ ತುಂಬಿತು. ಮೀನುಗಳೇ ಕಾಣದಷ್ಟು ನೀರು ಮಬ್ಬಾಯಿತು. ಮಧ್ಯಾಹ್ನದ ಸಭೆಗೆ ತಾಲ್ಲೂಕಿನ ಅಮಲ್ದಾರರು ಬರುವವರಿದ್ದರು. ನೀವು ಹಿತ್ತಲಲ್ಲಿ ತಲೆಗೆ ನೀರು ಹಾಕಿಕೊಳ್ಳುತ್ತಿದ್ದಿರಿ. ಮಳೆಗಾಲದ ಕೆಂಪು ನೀರು ಬಂದಾಗ ಕೊಡದಲ್ಲಿ ಪಟಿಕದ ಗಟ್ಟಿಯನ್ನು ತಿರುವಿ ತಿಳಿಮಾಡುವುದು ನಮ್ಮ ಕಡೆಯ ಮನೆಮನೆಯ ರೂಢಿ, ನಾನು ಯೋಚಿಸಲಿಲ್ಲ. ಅಡುಗೆಮನೆಯ ಗೂಡಿನಿಂದ ಪಟಿಕ ತಂದು, ತೊಟ್ಟಿಯಲ್ಲಿ ಕೈಯಿಟ್ಟು ತಿರುವಿದೆ. ಸಾಲದೆಂದು ಮತ್ತೆ ತಿರುವಿದೆ.

ನೀರು ತಿಳಿಯಾಯಿತು. ಮಬ್ಬೆಲ್ಲ ಬಿಳಿಯ ಎಳೆಗಳಾಗಿ ತಳಕ್ಕಿಳಿದು, ತೊಟ್ಟಿಯಲ್ಲಿ ನೀರಿದೆಯೋ ಇಲ್ಲವೋ ಎಂಬಂತೆ ಹೊಳೆಯಿತು. ಹಿಗ್ಗಿನಿಂದ ನಾನು ಪಂಚೆ ಬದಲಿಸಲು ಹೋದೆ. ಹಿಂತಿರುಗಿದಾಗ ಅವೆರಡೂ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಪಕ್ಕದಲ್ಲಿ ನೀವು ನಿಂತಿದ್ದಿರಿ, ಒದ್ದೆ ಕೂದಲಲ್ಲಿ, ಕೈಯಲ್ಲಿ ಸೋಸುವ ಬಟ್ಟೆ ಹಿಡಿದು. ಬೇಗ ಬಂದಿದ್ದ ಹೆಂಗಸರು ಬಾಗಿಲಲ್ಲಿ ಸೇರಿದ್ದರು.

ಎದುರು ಮನೆಯ ಗಂಗಮ್ಮ ಮೆಲ್ಲಗೆ, ಆದರೆ ಎಲ್ಲರಿಗೂ ಕೇಳುವಂತೆ ಅಂದಳು: “ದಿನಾ ಎದ್ದು ಅವಳ ಮಕ ನೋಡಿದ್ರೆ ಇನ್ನೇನಾಗ್ತೈತೆ. ಮನುಷ್ಯರೇ ಉಳಿಲಿಲ್ಲ, ಮೀನು ಉಳಿತಾವೇನ್ರಿ?”

ಅವ್ವ ನನ್ನತ್ತ ತಿರುಗಿದಳು. ಅವಳ ದನಿಯಲ್ಲಿ ಬೇಡಿಕೆಯಿತ್ತು — ನಿಮ್ಮನ್ನು ಉಳಿಸುವ ಬೇಡಿಕೆ, ಅದು ಈಗ ನನಗೆ ತಿಳಿಯುತ್ತದೆ. “ನೀನೇನಾರ ನೀರಿಗೆ ಹಾಕಿದ್ಯೇನಪ್ಪ?”

“ಇಲ್ಲ.”

ಏಕೆ ಹಾಗೆಂದೆ? ಬಿ.ಎ. ಓದಿದವನು ಉಪ್ಪುನೀರಿನ ಮೀನಿಗೆ ಪಟಿಕ ಕುಡಿಸಿ ಕೊಂದನೆಂದು ಊರು ನಗುವುದೆಂಬ ಭಯ. ಇಷ್ಟೇ. ಇದಕ್ಕಿಂತ ದೊಡ್ಡ ಕಾರಣವನ್ನು ವರ್ಷಗಟ್ಟಲೆ ಹುಡುಕಿದ್ದೇನೆ, ಸಿಕ್ಕಿಲ್ಲ.

“ಕಣ್ಣಾರೆ ಕಂಡಾತಲ್ಲ. ಮೈಸೂರಿನ ಮಾತು ಇಲ್ಲಿಗೇ ಬಿಡ್ರಿ” ಎಂದರು ಮಾವ. ನಾನು ಬಾಯಿ ತೆರೆಯಲಿಲ್ಲ. ಆದರೆ ಅದೇ ಮಧ್ಯಾಹ್ನ, ಸಭೆಯಲ್ಲಿ ಅಮಲ್ದಾರರ ಮುಂದೆ, ಮೂಢನಂಬಿಕೆಯ ವಿರುದ್ಧ ಭಾಷಣ ಮಾಡಿದೆ. ಚೆನ್ನಾಗಿಯೇ ಮಾಡಿದೆ. ಚಪ್ಪಾಳೆ ಬಿತ್ತು.

ನೀವು ಸಭೆಗೆ ಬರಲಿಲ್ಲ. ಅದು ಮುಗಿದು ನಾನು ಒಳಗೆ ಬಂದಾಗ ತೊಟ್ಟಿಯನ್ನು ತೊಳೆದು ಬೋರಲು ಹಾಕಿದ್ದಿರಿ. ನೀವು ನನ್ನನ್ನು ದೂಷಿಸಿದ್ದರೆ — ಸಂದೇಹಪಟ್ಟಿದ್ದರೂ ಸಾಕಿತ್ತು. ಆದರೆ ನೀವು ನನ್ನನ್ನೇ ಸಮಾಧಾನ ಮಾಡಿದಿರಿ: “ಬ್ಯಾಸರ ಮಾಡ್ಕಬ್ಯಾಡಪ್ಪ. ಇನ್ನೊಂದ್ಸಲ ತಂದ್ರಾತು. ಈ ಸಲ ನಾನು ಅತ್ತಾಗೆ ಹೋಗಲ್ಲ.”

ಅದು ಸಿಟ್ಟಿನ ಮಾತಾಗಿರಲಿಲ್ಲ. ನೀವು ಗಂಗಮ್ಮನ ಮಾತನ್ನು ನಂಬಿದ್ದಿರಿ. ಮರುದಿನ ಬೆಳಗ್ಗೆ ನಾನು ಹೊರಟಾಗ ನೀವು ಬಾಗಿಲ ಹಿಂದೆ ನಿಂತಿದ್ದಿರಿ, ಕರೆದರೂ ಬರಲಿಲ್ಲ. ಆ ವಿಷವನ್ನು ನಿಮ್ಮ ಮನಸ್ಸಿನಿಂದ ತೆಗೆದವನು ನಾನು, ಮರಳಿ ಇಟ್ಟವನೂ ನಾನು. ಇಟ್ಟದ್ದು ಒಂದೇ ಮಾತಿನಿಂದ, ತೆಗೆಯಲು ಹಿಡಿದ ಕಾಲ ಮಾತ್ರ...

ಅನಂತರ ನೀವು ಹೊಳಲ್ಕೆರೆಗೆ, ತವರಿಗೆ ಹೋದಿರಿ. ಅಲ್ಲಿ ಹಸು ಈಯುವಾಗ ಕೊಟ್ಟಿಗೆಗೆ ಹೋಗುವುದಿಲ್ಲವೆಂದು ಕೇಳಿದ್ದೇನೆ. ಹಸುಗೂಸುಗಳನ್ನು ಎತ್ತಿಕೊಳ್ಳುವುದಿಲ್ಲವೆಂದೂ, ಯಾರಾದರೂ ಕೈಗಿತ್ತರೆ ಏನೋ ಕೆಲಸವಿದೆಯೆಂದು ಎದ್ದುಹೋಗುವಿರೆಂದೂ ಕೇಳಿದ್ದೇನೆ. ಇಷ್ಟೆಲ್ಲ ಕೇಳಿಯೂ ಸುಮ್ಮನಿದ್ದೆ. ಈ ನಡುವೆ ಪಾಠಶಾಲೆ ತೆರೆಯಿತು. ಅದರ ಕೀರ್ತಿ ನನಗೆ ಬಂತು. ನೀವು ನಿಂತು ಕಲಿಸಬೇಕಾಗಿದ್ದ ಕೋಣೆಯ ಮುಂದೆ ಹಾದುಹೋಗುವಾಗ ಒಳಗೆ ನೋಡುವುದನ್ನು ಬಿಟ್ಟಿದ್ದೇನೆ.

ನಿಮ್ಮ ಅಣ್ಣನ ಮೊಮ್ಮಗುವನ್ನು ತೊಟ್ಟಿಲಿಗೆ ಹಾಕುವ ದಿನ ನಮ್ಮವರೆಲ್ಲ ಹೊಳಲ್ಕೆರೆಯಲ್ಲಿ ಸೇರುತ್ತಾರೆ. ಅವ್ವ, ಮಾವ ಬರುತ್ತಾರೆ. ಮುಪ್ಪಾದರೂ ಗಂಗಮ್ಮನೂ ಗಾಡಿ ಹತ್ತುತ್ತಾಳಂತೆ. ಈ ಬರಹ ಅಚ್ಚಾಗುವ ಮೊದಲೇ ನಿಮ್ಮ ಕೈ ಸೇರಿರುತ್ತದೆ; ಓದುವುದನ್ನು ನೀವು ಮರೆತಿಲ್ಲವೆಂದು ಬಲ್ಲೆ. ಅಂದು, ಮಗುವನ್ನು ಹೊರಗೆ ತರುವ ಮೊದಲು, ಹೆಂಗಸರ ನಡುವೆ ನಿಂತು ನಾನು ಇದನ್ನೆಲ್ಲ ಬಾಯಾರೆ ಹೇಳುತ್ತೇನೆ — ಪಟಿಕ, ನನ್ನ ಕೈ, ನನ್ನ ‘ಇಲ್ಲ’. ಅವರು ನಗಲಿ.

ನಿಮ್ಮ ಕ್ಷಮೆಯನ್ನು ಕೇಳುವುದಿಲ್ಲ. ಕೇಳಿದರೆ ನೀವು ಕೊಟ್ಟುಬಿಡುತ್ತೀರಿ. ಹೇಳಿ ಮುಗಿಸಿ ನಾನು ಪಕ್ಕಕ್ಕೆ ಸರಿಯುತ್ತೇನೆ. ಆಮೇಲೆ ಯಾರಾದರೂ ಆ ಕೂಸನ್ನು ನಿಮ್ಮತ್ತ ಚಾಚಿದರೆ, ಅತ್ತಿಗೆ, ಎದ್ದುಹೋಗಬೇಡಿ.