ಅತ್ತಿಮರದ ಕೆಳಗಿನ ಖೋಲಿ

ಸ್ವಾತಂತ್ರ್ಯ ಬರುವುದಕ್ಕೆ ಎರಡು ವರ್ಷ ಮೊದಲಿನ ಮಾತು. ನನ್ನ ಯಜಮಾನರಿಗೆ ಧಾರವಾಡದಿಂದ ಪುಣೆಗೆ ವರ್ಗವಾಗಿ, ಹಳೆಯ ವಾಡೆಯೊಂದರ ಹಿತ್ತಲ ಖೋಲಿಯಲ್ಲಿ ಬಾಡಿಗೆಗಿದ್ದೆವು. ತಾಯಿ ಇಲ್ಲದ ತವರಿಗೆ ಹೋಗಲು ಮನಸ್ಸಾಗದೆ ಚೊಚ್ಚಲ ಕೂಸನ್ನು ಅಲ್ಲೇ ಹಡೆದೆ. ಹೆಣ್ಣು ಕೂಸು.

ಖೋಲಿಯ ಹೆಂಚಿನ ಮೇಲೆ ಮುದಿ ಅತ್ತಿಮರವೊಂದು ವಾಲಿಕೊಂಡಿತ್ತು. ಬುಡ ಟೊಳ್ಳು. ಗಾಳಿ ಬೀಸಿದರೆ ಕಿರ್ರೆನ್ನುವುದು, ನನ್ನ ಜೀವ ಬಾಯಿಗೆ ಬರುವುದು. ಮನೆಯೊಡತಿ ಸೊಲ್ಲಾಪುರದ ಕಡೆಯ ವಿಧವೆ, ಕನ್ನಡ ಬಲ್ಲವರು. ಎಲ್ಲರೂ ಅವರನ್ನು ಕಾಕು ಎನ್ನುತ್ತಿದ್ದೆವು. ಮರ ಕಡಿಸಿರೆಂದು ಯಜಮಾನರು ಎಷ್ಟು ಬೇಡಿಕೊಂಡರೂ, "ದತ್ತ ಮಹಾರಾಜ ಇರೋ ಗಿಡಕ್ಕ ಕೊಡ್ಲಿ ಹಚ್ಚೂದೇನ್ರಿ? ನನ್ನ ಕೈಲೆ ಆಗೂದಿಲ್ಲ" ಎಂದುಬಿಟ್ಟರು. ದಿನಾ ಬೆಳಿಗ್ಗೆ ಅದಕ್ಕೆ ಪ್ರದಕ್ಷಿಣೆ ಬೇರೆ. ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಕೂಸು ಹುಟ್ಟಿ ವಾರವಾಗಿತ್ತೇನೋ. ಬೆಳಿಗ್ಗೆಯಿಂದ ಒಂದೇ ಸಮ ಗಾಳಿ, ಮಳೆ. ಕೊಂಬೆಯೊಂದು ಮುರಿದು ಬಿದ್ದು ಹೆಂಚು ಒಡೆದವು. ಕಾಕು ಬಂದು ಬಾಗಿಲಲ್ಲಿ ನಿಂತರು.

"ಕೂಸಿನ್ನ ತಗೊಂಡು ನನ್ನ ಖೋಲಿಗೆ ನಡಿ."

"ಮೈಲಿಗಿ ಅದ ಕಾಕು. ಅಲ್ಲೆ ದೇವರಿದ್ದಾವಲ್ರಿ" ಎಂದೆ. ಬಾಣಂತಿಯ ಗಾಳಿಯನ್ನೂ ಸೋಕಿಸಿಕೊಳ್ಳದಷ್ಟು ಮಡಿ ಅವರದು.

"ದೇವರಿಗೆ ನಾ ಹೇಳ್ಕೋತೀನಿ. ನೀ ಏಳು ಮೊದಲ."

ನನ್ನನ್ನು ತಮ್ಮ ಹಾಸಿಗೆಯಲ್ಲೇ ಮಲಗಿಸಿದರು. ಚಾಪೆ ಸುತ್ತಿಕೊಂಡು ಹೊರಟವರು ಪಡಸಾಲೆಯಲ್ಲಿ ಇದ್ದಾರೆಂದೇ ತಿಳಿದಿದ್ದೆ.

ಮಧ್ಯಾಹ್ನ ವಾಡೆಯೇ ನಡುಗಿತು. ಮರ ನಮ್ಮ ಖೋಲಿಯ ಮೇಲೆ ಉರುಳಿತ್ತು. ಯಜಮಾನರೂ ನೆರೆಯವರೂ ಹೆಂಚು, ತೊಲೆ ಸರಿಸಿದಾಗ ಒಳಗಿದ್ದವರು ಕಾಕು. ನಾನೂ ಕೂಸೂ ಮಲಗುತ್ತಿದ್ದ ಮಂಚ ಪುಡಿಪುಡಿ. ಬಾಣಂತಿಯ ಮಂಚ ಮುಟ್ಟಬಾರದೆಂದು ಗೋಡೆಗೆ ಒತ್ತಿಕೊಂಡು ನೆಲದ ಮೇಲೆ ಮಲಗಿದ್ದಕ್ಕೆ ಅವರು ಬದುಕಿದ್ದರು. ಎಡಗೈ ಮಾತ್ರ ಮುರಿದಿತ್ತು.

ನಾನು ಅಳುತ್ತಲೇ ಕೇಳಿದೆ: "ಪಡಸಾಲ್ಯಾಗ ಮಲಗಬಾರದಿತ್ತೇನ್ರಿ?"

"ಕಡಿಸೂದಿಲ್ಲ ಅಂದಾಕಿ ನಾನು. ಅದರ ಬುಡಕ ಮಲಗಾಕಿನೂ ನಾನ ಅಲ್ಲೇನು?" ಎಂದರು, ನೋವಿನಲ್ಲೇ.

ಆ ಕೈ ಕೊನೆಗೂ ನೆಟ್ಟಗಾಗಲಿಲ್ಲ. ಅದರ ಮೇಲೇ ನನ್ನ ಮಗಳನ್ನು ಮಲಗಿಸಿಕೊಂಡು ತೂಗುತ್ತಿದ್ದರು. ನಾನು ಎತ್ತಿಕೊಳ್ಳಲು ಹೋದರೆ ಬೈಯುತ್ತಿದ್ದರು. ಮಗಳು ಈಗ ಎರಡು ಮಕ್ಕಳ ತಾಯಿ. ಅವಳು ಮನೆಗೆ ಬಂದಾಗಲೆಲ್ಲ ಕಾಕು ನೆನಪಾಗಿ ನನ್ನ ಕಣ್ಣು ತುಂಬುತ್ತವೆ. ಈ ಮಗಳು ಅವರು ನನಗೆ ಉಳಿಸಿಕೊಟ್ಟವಳು.