ಬೆಟಗೇರಿಯಲ್ಲಿ ಬಾಬಿನ್ ಆರಿಸಿದ್ದು

ಕೂತವರೇ, ನಿಂತವರೇ, ಗಿಡ ಹತ್ತಿ ಕೂತವರೇ, ಸ್ವಲ್ಪ ಈ ಕಡೆ ಕಿವಿಗೊಡಿ. ಮೀನಿನ ಗಾಳಕ್ಕೆ ನಾನು ಕೋಳಿಪುಕ್ಕ, ನೂಲು ಸುತ್ತಿ ಹುಸಿನೊಣ ಕಟ್ಟುತ್ತೇನೆಂದು ನಿಮಗೆ ಗೊತ್ತೇ ಇದೆ. ನೂಲು ಹಿಡಿದು ಸುತ್ತುವ ನನ್ನ ಬಾಬಿನ್ನಿನ ನಳಿಗೆಯ ಬಾಯಿ ಒರಟಾಗಿ ನೂಲು ಹರಿಯುತ್ತಿತ್ತು. ಹೊಸದನ್ನು ಆರಿಸಲು ಇವತ್ತು ಬೆಟಗೇರಿಯ ಮಗ್ಗ, ಕಸೂತಿ ಸಾಮಾನಿನ ಅಂಗಡಿಗೆ ಹೋದೆ.

ಒಂದೊಂದಕ್ಕೂ ನೂಲು ಪೋಣಿಸಿ ಎಳೆದು ನೋಡುತ್ತಿದ್ದೆ. ಅಂಗಡಿಯ ಅಕ್ಕ ನನ್ನನ್ನು ನೇಕಾರನೆಂದೇ ತಿಳಿದರು.

"ನಿಮ್ಮ ಮನ್ಯಾಗ ಕಂಡಿಕಿ ಸುತ್ತೋರು ಯಾರ್ರಿ?"

ನೇಯುವವನಿಗೆ ಮನೆಯವರು ಪಕ್ಕದಲ್ಲಿ ಕೂತು ನೂಲಿನ ಕಂಡಿಕೆ ಸುತ್ತಿಕೊಡುವುದು ಅಲ್ಲಿಯ ರೂಢಿ.

"ನಾನ ಸುತ್ತತೀನಿ, ನಾನ ಕಟ್ಟತೀನ್ರಿ."

"ಹಂಗಾದ್ರ ನೂಲು ಹರದಾಗ ಯಾರನ್ನ ಬೈತೀರಿ?"

ನಾಟಕದ ಸ್ಟೇಜಿನ ಮೇಲೆ ಎಂದೂ ಮಾತು ಮರೆಯದ ನಾನು ಕೈಯಲ್ಲಿದ್ದ ಬಾಬಿನ್ನನ್ನು ಕೆಳಗಿಟ್ಟೆ. ಈ ವಾರ ನನ್ನನ್ನು ಏನಾದರೂ ಕೇಳಿದವರು ಅವರೊಬ್ಬರೇ.

"ಗ್ವಾಡಿ ಐತಲ್ರಿ," ಎಂದೆ, ಮನೆಯ ಬರಿಗೋಡೆ ನೆನೆದು.

"ಗ್ವಾಡಿ ತಿರುಗಿ ಬೈಯಂಗಿಲ್ಲ. ನೂಲು ಹರದ್ರ ಇಲ್ಲಿಗೆ ಬರ್ರಿ, ನಾ ಬೈತೀನಿ," ಎಂದು ನಕ್ಕರು.

ಮನೆಗೆ ಬಂದು ಸಂಜೆತನಕ ನೊಣ ಕಟ್ಟಿದೆ. ಹೊಸ ಬಾಬಿನ್ನಿನ ಬಾಯಿ ಬೆಣ್ಣೆಯಂತಿದೆ. ನೂಲು ಒಮ್ಮೆಯೂ ಹರಿಯಲಿಲ್ಲ.

ನಾಳೆ ಮುಂಜಾನೆ ನೂಲನ್ನು ನಾನೇ ಹರಿದುಕೊಂಡು ಬೆಟಗೇರಿಗೆ ಹೋಗುತ್ತೇನೆ.